ಆಯಿ ಹೇಳದ ಹೆಸರು

ಸಂಘದ ಪತ್ರಿಕೆಗೆ ಏನಾದರೂ ಬರೆದುಕೊಡು ಎಂದು ಸಂಪಾದಕ ಮಿತ್ರರು ಹದಿನೈದು ದಿನಗಳಿಂದ ಬೆನ್ನು ಹತ್ತಿದ್ದಾರೆ. ಕವಿತೆ ನನಗೆ ಬರೋದಿಲ್ಲ. ಕಥೆ ಕಟ್ಟುವ ಕಲೆಯೂ ಇಲ್ಲ. ನನ್ನ ಹತ್ತಿರ ಇರೋದು ಒಂದು ಹುಡುಕಾಟದ ಸುದ್ದಿ ಮಾತ್ರ. ಎರಡು ವರ್ಷ ಸೂಟಿಯಲ್ಲೆಲ್ಲ ಅದನ್ನೇ ಮಾಡಿದೆ. ಅದನ್ನೇ ಬರೆಯುತ್ತೇನೆ. ತಪ್ಪಿದ್ದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಹುಡುಕಿದ್ದು ನಮ್ಮ ಅಜ್ಜನನ್ನು, ಅಂದರೆ ಅಪ್ಪನ ಅಪ್ಪನನ್ನು. 1994ರ ಸೆಪ್ಟೆಂಬರ್ ತಿಂಗಳಿನಿಂದ ಅವನ ಸುದ್ದಿಯಿಲ್ಲ. ನಾನು ಹುಟ್ಟಿದ್ದು ಅದಾಗಿ ಹತ್ತು ವರ್ಷಕ್ಕೆ. ಹೀಗಾಗಿ ಅಜ್ಜ ನನಗೆ ಗೋಡೆಯ ಮೇಲಿನ ಫೋಟೋ ಅಷ್ಟೆ. ಆ ಫೋಟೋಕ್ಕೆ ನಮ್ಮ ಮನೆಯಲ್ಲಿ ಯಾರೂ ಹಾರ ಹಾಕಿಲ್ಲ. ಹಾಕಲು ಆಯಿ ಬಿಟ್ಟಿಲ್ಲ. ಅಜ್ಜಿಗೆ ನಾವು ಆಯಿ ಅಂತೀವಿ. ಆಕೆಯ ಹಣೆಯ ಮೇಲೆ ಇವತ್ತಿಗೂ ರೂಪಾಯಿಯಷ್ಟಗಲ ಕುಂಕುಮ, ಕೈತುಂಬ ಹಸಿರು ಬಳೆ.

ಅಜ್ಜನ ಹೆಸರು ಇಲ್ಲಿ ಬರೆಯುವುದಿಲ್ಲ. ಆಯಿ ಗಂಡನ ಹೆಸರನ್ನು ಬಾಯಿಂದ ಆಡುವವಳಲ್ಲ. ನಮ್ಮ ಕಡೆ ಲಗ್ನದಲ್ಲೋ ಸೀಮಂತದಲ್ಲೋ ಹೆಣ್ಣುಮಕ್ಕಳು ಒಡಪು ಹಾಕಿ ಗಂಡನ ಹೆಸರು ಹೇಳ್ತಾರಲ್ಲ, ಹಾಗೆ ಮಾತ್ರ ಹೇಳಬೇಕು. ರೇಶನ್ ಕಾರ್ಡಿನ ಆಫೀಸಿನಲ್ಲಿ ಕಾರಕೂನ ಕೇಳಿದಾಗಲೂ ಆಕೆ ಅಪ್ಪನ ಮುಖ ನೋಡಿದಳಂತೆ, ಅಪ್ಪ ಹೇಳಿದನಂತೆ. ಆಕೆ ಇಷ್ಟು ವರ್ಷ ಜೋಪಾನ ಮಾಡಿದ ಹೆಸರನ್ನು ನಾನು ಪತ್ರಿಕೆಯಲ್ಲಿ ಹರವುವುದು ಬೇಡ.

ಹುಡುಕಾಟ ಪ್ರೀತಿಯಿಂದ ಹುಟ್ಟಿತು ಎಂದರೆ ಸುಳ್ಳಾದೀತು. ಅದು ಹುಟ್ಟಿದ್ದು ಉತಾರದಿಂದ. ನಮ್ಮದು ಗದಗ ಜಿಲ್ಲೆಯ ರೋಣ ತಾಲೂಕು. ನಾಲ್ಕು ಎಕರೆ ಎರಿ ಹೊಲ. ಹಿಂಗಾರಿಗೆ ಬಿಳಿಜೋಳ, ಕಡಲೆ. ಉತಾರ ಈಗಲೂ ಅಜ್ಜನ ಹೆಸರಿನಲ್ಲಿದೆ. ಸೊಸೈಟಿ ಸಾಲಕ್ಕೂ ಬೆಳೆ ಪರಿಹಾರಕ್ಕೂ ಉತಾರದಲ್ಲಿ ಹೆಸರಿದ್ದವನೇ ಬೇಕು. ಅಪ್ಪ ವಾರಸಾ ಮಾಡಿಸಲು ಹೋದರೆ ಮರಣದ ದಾಖಲೆ ತಾ ಅಂದರು. ಸತ್ತ ದಿನ ಯಾವುದು? ಗೊತ್ತಿಲ್ಲ. ಸತ್ತ ಊರು ಯಾವುದು? ಗೊತ್ತಿಲ್ಲ. ಸತ್ತಿದ್ದಾನೋ ಇಲ್ಲವೋ? ಅದೂ ಗೊತ್ತಿಲ್ಲ.

ವಕೀಲರು ದಾರಿ ತೋರಿಸಿದರು. ಸಹಜವಾಗಿ ಯಾರಿಗೆ ಸುದ್ದಿ ಬರಬೇಕೋ ಅವರಿಗೆ ಏಳು ವರ್ಷ ಒಬ್ಬನ ಸುದ್ದಿಯೇ ಬರದಿದ್ದರೆ, ಅವನು ಬದುಕಿದ್ದಾನೆ ಎನ್ನುವವರೇ ಅದನ್ನು ಸಿದ್ಧ ಮಾಡಬೇಕು. ಇದು 1872ರ ಸಾಕ್ಷ್ಯ ಕಾಯ್ದೆಯ 108ನೇ ಕಲಮು. 2024ರ ಜುಲೈ 1ರಿಂದ ಬಂದ ಹೊಸ ಸಾಕ್ಷ್ಯ ಅಧಿನಿಯಮದಲ್ಲಿ ಅದೇ 111 ಆಗಿದೆ. ಕೋರ್ಟಿಗೆ ದಾವೆ ಹಾಕಿ, ಅವನು ತೀರಿಕೊಂಡಿದ್ದಾನೆಂದು ಹುಕುಂ ತರಬಹುದು. ಆದರೆ ದಾವೆಯಲ್ಲಿ ಮೊದಲನೇ ವಾದಿ ಹೆಂಡತಿ. ಆಕೆ ಸಹಿ ಮಾಡಬೇಕು.

ಮನೆಗೆ ಬಂದು ಅಪ್ಪ ಇದನ್ನು ಹೇಳಿದಾಗ ಆಯಿ ಜೋಳ ಹಸನು ಮಾಡುತ್ತಿದ್ದಳು. ಮರ ಕೆಳಗಿಡಲಿಲ್ಲ. "ನಾ ಹ್ಯಾಂಗ ಹೇಳ್ಲಿ, ಸತ್ತಾನಂತ? ನೀ ಕಂಡೀಯೇನು?" ಎಂದಳು. ಅಪ್ಪ ಎದ್ದು ಹೊರಗೆ ಹೋದ. ಅವತ್ತು ರಾತ್ರಿ ನಾನು ಅಪ್ಪನಿಗೆ ಅಂದೆ: "ನಾ ಹುಡುಕ್ತೀನಿ. ಒಂದು ಕಾಗದರ ಸಿಗತೈತಿ."

ಮೊದಲು ಹೋದದ್ದು ಊರಿನ ಕನ್ನಡ ಗಂಡುಮಕ್ಕಳ ಶಾಲೆಗೆ. ದಾಖಲಾತಿ ಪುಸ್ತಕದಲ್ಲಿ ಅಜ್ಜ ಸಿಕ್ಕ. ಜನ್ಮ ದಿನಾಂಕ 1-6-1946. ಅದೇ ಪುಟದಲ್ಲಿ ಇನ್ನೂ ಏಳು ಹುಡುಗರು ಜೂನ್ ಒಂದಕ್ಕೇ ಹುಟ್ಟಿದ್ದರು. ಮಾಸ್ತರರು ಶಾಲೆ ಸುರುವಾಗುವ ದಿನವನ್ನೇ ಎಲ್ಲರ ಹುಟ್ಟಿದ ದಿನ ಮಾಡಿ ಕೈ ತೊಳೆದುಕೊಂಡಿದ್ದರು. ನಾಲ್ಕನೇ ಇಯತ್ತೆಯ ಮುಂದೆ "ಶಾಲೆ ಬಿಟ್ಟನು" ಎಂದಿತ್ತು. ಅವನು ಬಿಟ್ಟುಹೋದ ಮೊದಲ ದಾಖಲೆ ಅದು!

ಆಮೇಲೆ ಹಳೆಯ ಹಕ್ಕುಪತ್ರಗಳು. 1956ರ ನವೆಂಬರ್ 1ರವರೆಗೆ ನಮ್ಮ ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ರೋಣ ಆಗ ಧಾರವಾಡ ಜಿಲ್ಲೆಯಲ್ಲೇ ಇತ್ತು, ಗದಗ ಜಿಲ್ಲೆ ಆದದ್ದು 1997ರಲ್ಲಿ. ಗುಜರಾತಿನ ಸೂರತ್ ಜಿಲ್ಲೆಯೂ ಅದೇ ಮುಂಬಯಿ ರಾಜ್ಯದಲ್ಲಿತ್ತು. 1879ರ ಒಂದೇ ಜಮೀನು ಕಂದಾಯದ ಕಾಯ್ದೆ ಎರಡೂ ಕಡೆ. ಅಜ್ಜ ಹುಟ್ಟಿದ ಊರು, ಅವನು ಕಾಣೆಯಾದ ಊರು ಒಂದು ಕಾಲಕ್ಕೆ ಒಂದೇ ಸರಕಾರದ ಕಡತದಲ್ಲಿದ್ದವು ಎಂಬುದು ತಿಳಿದಾಗ ನನಗೆ ಏನೋ ಸಮಾಧಾನ ಆಯಿತು. ಅದರಿಂದ ಪ್ರಯೋಜನ ಮಾತ್ರ ಏನೂ ಆಗಲಿಲ್ಲ. ಹೊಲದ ಕಾಗದಕ್ಕೆ ಹೊಲ ಬಿಟ್ಟು ಹೋದವನ ಸುದ್ದಿ ಏಕೆ ಬೇಕು? ಉತಾರದಲ್ಲಿ ಅಜ್ಜ ಇಂದಿಗೂ ಕಡಲೆ ಬಿತ್ತುತ್ತಿದ್ದಾನೆ.

ಮೂರನೆಯವರು ನಮ್ಮ ಮನೆತನದ ಹೆಳವರು. ಹಳೇ ಮೈಸೂರಿನ ಕಡೆಯ ಕೆಲವು ಗೆಳೆಯರಿಗೆ ಇವರು ಹೊಸಬರಿರಬಹುದು. ಹೆಳವ ಅಂದರೆ ಕಾಲಿಲ್ಲದವ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಒಕ್ಕಲು ಮನೆಗಳಿಗೆ ಬರುತ್ತಿದ್ದರು. ಈಗ ಮೋಟಾರ್ ಸೈಕಲ್ ಮೇಲೆ ಬರುತ್ತಾರೆ. ಮನೆತನದ ಮೂಲ ಊರು, ಬೆಡಗು, ಮನೆದೇವರು, ಮೂಲಪುರುಷನಿಂದ ಇತ್ತೀಚೆಗೆ ಹುಟ್ಟಿದ ಕೂಸಿನ ತನಕ ಎಲ್ಲ ಹೆಸರುಗಳನ್ನೂ ಓದಿ ಹೇಳುತ್ತಾರೆ. ಹೊಸ ಹೆಸರು ಬರೆದುಕೊಳ್ಳುತ್ತಾರೆ. ಕಾಳು, ಬಟ್ಟೆ, ರೊಕ್ಕ ಒಯ್ಯುತ್ತಾರೆ. ಹಿಂದೆ ಓಲೆಗರಿ, ತಾಮ್ರಪಟ, ಈಗ ದಪ್ಪ ರಟ್ಟಿನ ಪುಸ್ತಕ.

ನಮ್ಮ ಹೆಳವಪ್ಪ ಪುಸ್ತಕ ಬಿಚ್ಚಿ ಅಜ್ಜನ ಹೆಸರಿನ ಮೇಲೆ ಬೆರಳಿಟ್ಟ. ಕೆಳಗೆ ಅಪ್ಪನ ಹೆಸರು, ಅದರ ಕೆಳಗೆ ನನ್ನದು. ಅಜ್ಜನ ಹೆಸರಿನ ಪಕ್ಕಕ್ಕೆ ಎರಡು ಬೆರಳಿನಷ್ಟು ಜಾಗ ಖಾಲಿ ಇತ್ತು. "ಇದ್ಯಾಕ ಬಿಟ್ಟೀರಿ?" ಅಂದೆ. "ನಮ್ಮಪ್ಪ ಬಿಟ್ಟಾನ್ರಿ. ಬಂದರ ಬರಕೊಳ್ಳಾಕ" ಅಂದ. ಮೂವತ್ತು ವರ್ಷ ಆ ಜಾಗದಲ್ಲಿ ಬೇರೆ ಏನನ್ನೂ ಬರೆಯದೆ ಕಾಯ್ದಿದ್ದರು.

ಗುಜರಾತಿನಲ್ಲಿಯೂ ಇಂಥವರು ಇದ್ದಾರೆಂದು ನಮ್ಮ ಗ್ರಂಥಾಲಯದಲ್ಲಿ ಓದಿ ತಿಳಿದೆ. ಅವರಿಗೆ ವಹೀವಂಚಾ ಬಾರೋಟರು ಎನ್ನುತ್ತಾರೆ. ವಹೀ ಅಂದರೆ ಲೆಕ್ಕದ ಪುಸ್ತಕ, ವಂಚಾ ಅಂದರೆ ಓದುವವ. ಅವರ ಮೇಲೆ ಎ. ಎಂ. ಶಾ ಮತ್ತು ಆರ್. ಜಿ. ಶ್ರಾಫ್ ಎಂಬುವರು 1958ರಲ್ಲಿ ಲೇಖನ ಬರೆದರು. ಅದರ ಹಿಂದೆ ಒಬ್ಬ ಕನ್ನಡಿಗರು ಇದ್ದರು. ಮೈಸೂರಿನ ಎಂ. ಎನ್. ಶ್ರೀನಿವಾಸರು 1950ರ ದಶಕದಲ್ಲಿ ಬರೋಡ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು, ಶಾ ಅವರ ಶಿಷ್ಯರು. ಇಲ್ಲಿ ಹೆಳವರು, ಅಲ್ಲಿ ಬಾರೋಟರು. ಎರಡು ನಾಡಿನವರೂ ಪೀಳಿಗೆ ಪೀಳಿಗೆಯ ಹೆಸರು ಬರೆದಿಟ್ಟವರೇ. ಆದರೆ ಈ ಪುಸ್ತಕದಿಂದ ಎದ್ದು ಆ ನಾಡಿಗೆ ಕೂಲಿಗೆ ಹೋದವನನ್ನು ಯಾವ ಪುಸ್ತಕದಲ್ಲಿ ಹುಡುಕಬೇಕು?

ಅಜ್ಜ ಊರು ಬಿಟ್ಟದ್ದು 1972ರ ಬರಗಾಲದಲ್ಲಿ. ಅಪ್ಪ ಆಗ ಒಂದು ವರ್ಷದ ಕೂಸು. ಮುಂಬಯಿಗೆ ಹೋಗಿ ಹಮಾಲಿ ಮಾಡಿ, ಯಾರದೋ ಸಂಗಡ ಸೂರತ್ತಿಗೆ ಹೋದ. ಗುಜರಾತ್ ಸರಕಾರದ ಜಿಐಡಿಸಿ ಅಂದರೆ ಕೈಗಾರಿಕಾ ವಸಾಹತುಗಳನ್ನು ಕಟ್ಟುವ ನಿಗಮ 1962ರಲ್ಲಿ ಹುಟ್ಟಿತು. ಸೂರತ್ತಿನ ದಕ್ಷಿಣಕ್ಕೆ ಉಧನಾದ ಆಚೆ ಅದು ಮಾಡಿದ ವಸಾಹತು ಪಾಂಡೇಸರಾ. ಸೀರೆಗೆ ಬಣ್ಣ ಹಾಕುವ, ಅಚ್ಚು ಒತ್ತುವ ಮಿಲ್ಲುಗಳು ಸಾಲುಸಾಲಾಗಿವೆ. ಅಲ್ಲಿಂದ ಅಜ್ಜ ತಿಂಗಳಿಗೊಂದು ಮನಿಯಾರ್ಡರ್ ಕಳಿಸುತ್ತಿದ್ದ. ಎರಡು ಮೂರು ವರ್ಷಕ್ಕೊಮ್ಮೆ ಜಾತ್ರೆಗೆ ಬರುತ್ತಿದ್ದ.

ಮನಿಯಾರ್ಡರ್ ಬಂದಾಗ ಆಯಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಒಮ್ಮೆ ಅಜ್ಜ ಬಂದಾಗ, ಸಹಿ ಮಾಡಾಕ ಕಲಿ ಎಂದನಂತೆ. ಸಾಕ್ಷರತಾ ಆಂದೋಲನದ ರಾತ್ರಿ ವರ್ಗಕ್ಕೆ ಹೋಗಿ 1993ರಲ್ಲಿ ತನ್ನ ಹೆಸರಿನ ಅಕ್ಷರಗಳನ್ನು ಆಕೆ ಕಲಿತಳು. ಹೆಚ್ಚುಕಡಿಮೆ ಒಂದು ವರ್ಷ ಪೋಸ್ಟಮನ್ನನ ಮುಂದೆ ಸಹಿ ಮಾಡಿದಳು. ಆಮೇಲೆ ಮನಿಯಾರ್ಡರ್ ಬರುವುದೇ ನಿಂತಿತು.

1994ರ ಸೆಪ್ಟೆಂಬರಿನಲ್ಲಿ ಸೂರತ್ತಿಗೆ ಪ್ಲೇಗು ಬಂತು. ನೀವು ಓದಿರಬಹುದು. ನಾಲ್ಕಾರು ದಿನದಲ್ಲಿ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಸತ್ತವರು ಹತ್ತಾರು ಮಂದಿಯಾದರೆ ಅಂಜಿ ಓಡಿದವರು ಲಕ್ಷಗಟ್ಟಲೆ. ಮುಂದಿನ ವರ್ಷ ಅಪ್ಪ ಅಲ್ಲಿಗೆ ಹೋಗಿ ಹುಡುಕಿ ಬಂದ. ಇಪ್ಪತ್ನಾಲ್ಕು ವರ್ಷದ ಹುಡುಗ, ಹಿಂದಿ ಬರುತ್ತಿರಲಿಲ್ಲ. ಖೋಲಿಯಲ್ಲಿ ಬೇರೆ ಜನ ಇದ್ದರು. ಅಜ್ಜನ ಹೆಸರು ಹೇಳಿದರೆ ಒಬ್ಬರಿಗೂ ಗುರುತಿಲ್ಲ. ಆ ಹೆಸರಿನವನು ಇಲ್ಲಿ ಇರಲೇ ಇಲ್ಲ ಎಂದುಬಿಟ್ಟರಂತೆ. ಅಪ್ಪನಿಗೆ ಆ ಮಾತು ಇಂದಿಗೂ ಮುಳ್ಳು. ತಂದೆ ಹೆಸರು ಬದಲಿಸಿಕೊಂಡು ಬೇರೆ ಸಂಸಾರ ಮಾಡಿದ್ದನೇನೋ ಎಂಬ ಸಂಶಯ ಅವನ ಮನಸ್ಸಿನಲ್ಲಿ ಇತ್ತು. ಬಾಯಿಬಿಟ್ಟು ಹೇಳಿದ್ದು ನನಗೆ ಮಾತ್ರ, ಅದೂ ಹೋದ ವರ್ಷ.

ಆಯಿಯ ಟ್ರಂಕಿನಲ್ಲಿ ಮನಿಯಾರ್ಡರಿನ ಕೂಪನ್ನುಗಳ ಕಟ್ಟು ಇತ್ತು. ಅಪ್ಪ ಹೋದಾಗ ಅದನ್ನು ಅವನ ಕೈಗೆ ಆಕೆ ಕೊಟ್ಟಿರಲಿಲ್ಲ, ಕಳೆದೀತು ಎಂದು. ವಿಳಾಸವನ್ನಷ್ಟೇ ಬರೆಸಿಕೊಂಡು ಹೋಗಿದ್ದ. ನನಗೂ ಕೊಡಲಿಲ್ಲ, ಆದರೆ ಮುಂದೆ ಕೂತು ಬಿಚ್ಚಿ ತೋರಿಸಿದಳು. ಸುದ್ದಿಯ ಜಾಗದಲ್ಲಿ ಅಜ್ಜನದೇ ಕನ್ನಡ ಅಕ್ಷರ: ನಾನು ಅರಾಮ, ಹುಡುಗನ್ನ ಶಾಲಿ ಬಿಡಿಸಬ್ಯಾಡ. ಕಳಿಸಿದವರ ಹೆಸರು ಮಾತ್ರ ಗುಜರಾತಿಯಲ್ಲಿ, ಬೇರೆಯವರ ಕೈಬರಹದಲ್ಲಿ. ಗುಜರಾತಿ ಲಿಪಿ ಎಂದರೆ ತಲೆಗೆರೆ ಇಲ್ಲದ ನಾಗರಿ ಇದ್ದ ಹಾಗೆ. ಒಂದು ವಾರ ಅಭ್ಯಾಸ ಮಾಡಿದರೆ ಹಿಂದಿ ಬಲ್ಲವರಿಗೆ ಬರುತ್ತದೆ. ಕೂಡಿಸಿ ಓದಿದೆ. ಅಜ್ಜನ ಹೆಸರು ಅಲ್ಲ. "ಅಣ್ಣಾಭಾಯಿ" ಎಂದಿತ್ತು.

ದಕ್ಷಿಣದವರೆಲ್ಲ ಆ ಕಡೆ ಅಣ್ಣಾಗಳು. ಅದಕ್ಕೆ ಗುಜರಾತಿಯ ಭಾಯಿ ಸೇರಿಸಿದ್ದಾರೆ. ಅಪ್ಪ ಊರಿನ ಹೆಸರು ಹಿಡಿದು ಹುಡುಕಿದ. ಆ ಊರಿನವರು ಇಟ್ಟ ಹೆಸರು ಮೂವತ್ತು ವರ್ಷ ಟ್ರಂಕಿನಲ್ಲಿ ಇತ್ತು.

ಹೋದ ಬೇಸಿಗೆಯಲ್ಲಿ ಮೈಸೂರು-ಅಜ್ಮೇರ್ ಗಾಡಿ ಹಿಡಿದು ನಾನು ಸೂರತ್ತಿಗೆ ಹೋದೆ. ಮಗ್ಗುಲೂರಿನ ಒಬ್ಬ ಮಾವ ಅಲ್ಲಿ ಪ್ರಿಂಟಿಂಗ್ ಮಿಲ್ಲಿನಲ್ಲಿದ್ದಾರೆ. ಅವರ ಖೋಲಿಯಲ್ಲಿ ಇಳಿದುಕೊಂಡೆ. ಹಗಲು ಪಾಳಿಯವರು ಎದ್ದ ಹಾಸಿಗೆಯಲ್ಲೇ ರಾತ್ರಿ ಪಾಳಿಯವರು ಬಂದು ಮಲಗುತ್ತಾರೆ. ಒಡಿಶಾದವರು, ಉತ್ತರ ಪ್ರದೇಶದವರು, ಬಿಹಾರದವರು, ಖಾನದೇಶದ ಮರಾಠಿಗರು, ತೆಲಂಗಾಣದ ನೇಕಾರರು. ಕನ್ನಡದವರು ಹುಡುಕಿದರೆ ಸಿಕ್ಕಾರು. ಮಾವ ಇರೋದು ಕಲರ್ ಕಿಚನ್ನಿನಲ್ಲಿ. ಅಡಿಗೆಮನೆ ಅಲ್ಲ, ಬಣ್ಣ ಕಲಸುವ ಕೋಣೆ. ಅವರ ಉಗುರು ಯಾವ ಸಾಬಾಣಿಗೂ ಬಿಳಿ ಆಗೋದಿಲ್ಲ. ಜಾತ್ರೆಗೆ ಬಂದಾಗ ಅಜ್ಜನ ಉಗುರು ನೀಲಿ ಇರುತ್ತಿತ್ತು ಎಂದು ಆಯಿ ಹೇಳುತ್ತಿದ್ದುದು ಆಗ ನೆನಪಾಯಿತು.

ಮಿಲ್ಲುಗಳಲ್ಲಿ ಕೇಳಿ ಲಾಭವಿಲ್ಲ ಎಂದರು ಮಾವ. ಗುತ್ತಿಗೆಯವರ ಹೆಸರು ಹೆಚ್ಚಾಗಿ ಮುಕಾದಮನ ಚೀಟಿಯಲ್ಲಿ ಇರುತ್ತಿತ್ತಂತೆ. ಆ ಚೀಟಿಯ ಆಯುಷ್ಯ ಪಗಾರದ ದಿನದವರೆಗೆ. "ಆದರ ತಮ್ಮಾ, ಮನಿಶಾ ಎಲ್ಲಿ ದುಡಿದರೂ ಉಣ್ಣಾಕ ಒಂದ ಕಡೆ ಹೋಗತಾನ. ಖಾನಾವಳಿ ಕೇಳೋಣು" ಎಂದರು. ಎರಡು ದಿನ ಖಾನಾವಳಿಗಳನ್ನು ಸುತ್ತಿದೆವು. ಮೂರನೇ ದಿನ ಒಬ್ಬ ತೆಲುಗು ಅಜ್ಜಿ ಸಿಕ್ಕರು. ಗಂಡ ಇರುವ ತನಕ ಅವರು ಮೆಸ್ಸು ನಡೆಸಿದವರು. ಅಣ್ಣಾ ಎಂದ ಕೂಡಲೆ ಎಷ್ಟು ಅಣ್ಣಾಗಳಪ್ಪಾ ಎಂದು ನಕ್ಕರು. ನೀಲಿ ಉಗುರು ಎಂದೆ. ಎಲ್ಲರದೂ ನೀಲಿ ಎಂದರು. ಜೋಳದ ರೊಟ್ಟಿ ಇಲ್ಲ ಎಂದು ಗೊಣಗುತ್ತಿದ್ದ ಕನ್ನಡದವ ಎಂದೆ. ಅವರು ನನ್ನ ಮುಖ ನೋಡಿದರು. ಮೊಮ್ಮಗನನ್ನು ಅಟ್ಟ ಹತ್ತಿಸಿ ಹಳೆಯ ಖಾತೆ ಪುಸ್ತಕಗಳನ್ನು ಇಳಿಸಿದರು.

ಪುಸ್ತಕ ತೆಲುಗಿನಲ್ಲಿತ್ತು. ಗುಜರಾತಿ ಬೋರ್ಡುಗಳ ಆ ಊರಿನಲ್ಲಿ ನಮ್ಮ ಅಕ್ಷರದ ಅಕ್ಕತಂಗಿಯರನ್ನು ನೋಡಿ ನನ್ನ ಕಣ್ಣು ತುಂಬಿತು. ಬೆರಳಿಟ್ಟು ಓದಿದೆ. 1994, ಸೆಪ್ಟೆಂಬರ್. ಮೂವತ್ತು ಜನರ ಹೆಸರು, ಎದುರಿಗೆ ಊಟದ ಗೀಟುಗಳು. ಅದರಲ್ಲಿ "ಅಣ್ಣಾ (ಕನ್ನಡಂ)". ಗೀಟು ಇಪ್ಪತ್ತೆರಡನೇ ತಾರೀಖಿನ ತನಕ. ಆಮೇಲೆ ಇಡೀ ಪುಟ ಬೋಳು. ಮೂವತ್ತು ಜನರದೂ ಒಂದೇ ದಿನ ನಿಂತಿತ್ತು. ಸುಮಾರು ಎಲ್ಲರ ಹೆಸರಿನ ಮುಂದೂ ಮೆಸ್ಸಿನ ಯಜಮಾನರು ಒಂದೇ ಮಾತು ಬರೆದಿದ್ದರು: "ಊರಿಕಿ". ತೆಲುಗಿನಲ್ಲಿ ಅಂದರೆ ಊರಿಗೆ. ನನಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ.

ಪುಟ ತಿರುವಿದೆ. ನವೆಂಬರಿನಲ್ಲಿ ಬಹಳ ಜನ ತಿರುಗಿ ಬಂದಿದ್ದರು. ಗೀಟುಗಳು ಮತ್ತೆ ಸುರುವಾಗಿದ್ದವು. ಅಣ್ಣಾನ ಮುಂದೆ ಇರಲಿಲ್ಲ. ಮೂವತ್ತಾರು ರೂಪಾಯಿ ಬಾಕಿ ಮಾತ್ರ ಹಾಗೇ ಇತ್ತು. ಪಾಕೀಟು ತೆಗೆದೆ. ಅಜ್ಜಿ ಕೈ ಹಿಡಿದು, ಊರಿಗೆ ಹೋದವರ ಬಾಕಿ ತೆಗೆದುಕೊಳ್ಳಬಾರದಪ್ಪಾ ಎಂದು ಅವರ ಹಿಂದಿಯಲ್ಲಿ ಹೇಳಿದರು. ಕೂಡಿಸಿ ಊಟಕ್ಕೆ ಹಾಕಿದರು.

ಅಷ್ಟೇ ಸಿಕ್ಕಿದ್ದು. ಸೂರತ್ತಿನ ಸ್ಟೇಶನ್ನಿನಿಂದ ನಮ್ಮ ಊರಿನ ತನಕ ಎಷ್ಟು ಸ್ಟೇಶನ್ನುಗಳು! ಆ ಗದ್ದಲದ ಗಾಡಿಗಳಲ್ಲಿ ಯಾರು ಎಲ್ಲಿ ಬಿದ್ದರು, ಯಾವ ಆಸ್ಪತ್ರೆಯಲ್ಲಿ ಯಾವ ಹೆಸರು ಹೇಳಿದರು, ಬೇವಾರಸಿ ಎಂದು ಯಾರನ್ನು ಎಲ್ಲಿ ಮಣ್ಣು ಮಾಡಿದರು? ಅವನು ಅಲ್ಲಿಯೂ ಅಣ್ಣಾ ಎಂದೇ ಹೇಳಿದ್ದರೆ ನಾವು ಯಾವ ಹೆಸರಿನಿಂದ ಹುಡುಕಬೇಕು? ಮರಣದ ದಾಖಲೆ ಸಿಗಲಿಲ್ಲ. ಹೊರಟ ದಾಖಲೆ ಸಿಕ್ಕಿತು.

ಪುಟದ ಫೋಟೋ ತಂದು ಆಯಿಗೆ ತೋರಿಸಿದೆ. ಊರಿಕಿ ಎಂಬ ಅಕ್ಷರಗಳನ್ನು ದೊಡ್ಡದು ಮಾಡಿದೆ. ಆಕೆ ಬಹಳ ಹೊತ್ತು ನೋಡಿದಳು. "ಹಂಗಾರ ಬರಾಕ ಹೊಂಟಿದ್ದ" ಎಂದಳು. ಅಪ್ಪ ಬಾಗಿಲ ಹತ್ತಿರ ನಿಂತಿದ್ದ. ಮೂವತ್ತು ವರ್ಷದ ಸಂಶಯ ಒಂದು ಮಾತಿನಿಂದ ಹೋಗುತ್ತದೋ ಇಲ್ಲವೋ ನನಗೆ ತಿಳಿಯದು. ಆದರೆ ಅವತ್ತು ಅವನು ಅಜ್ಜನ ಫೋಟೋ ಇಳಿಸಿ, ಗಾಜು ಒರೆಸಿ, ಮತ್ತೆ ತೂಗುಹಾಕಿದ. ಹಾರ ಹಾಕಲಿಲ್ಲ.

ಮಾರನೇ ವಾರ ಆಯಿ ತಾನಾಗಿಯೇ ವಕೀಲರ ಹತ್ತಿರ ನಡಿ ಎಂದಳು. ದಾವೆಯ ಕಾಗದದ ಮೇಲೆ ತನ್ನ ಹೆಸರನ್ನು ಒಂದೊಂದೇ ಅಕ್ಷರ ಮಾಡಿ ಬರೆದಳು. "ಕೋರ್ಟಿಗೆ ಬೇಕಾದ್ದು ಕೋರ್ಟಿಗೆ ಕೊಟ್ಟೀನಿ. ನನಗ ಅವ ಹಾದ್ಯಾಗ ಅದಾನ" ಎಂದಳು. ಕುಂಕುಮ ತೆಗೆಯಲಿಲ್ಲ. ಯಾರೂ ತೆಗೆ ಅನ್ನಲಿಲ್ಲ.

ಆ ಸಹಿ ನೋಡುತ್ತಿದ್ದಾಗ ನನಗೆ ಒಂದು ಮಾತು ಹೊಳೆಯಿತು. ಮನೆ ಬಿಟ್ಟು ಹೋದವನ ಹೆಸರನ್ನು ಹುಡುಕುತ್ತ ನಾನು ನಾಲ್ಕು ಪುಸ್ತಕ ಬಿಚ್ಚಿದೆ. ಶಾಲೆಯದು, ಹೊಲದ್ದು, ಹೆಳವರದು, ಖಾನಾವಳಿಯದು. ನಾಲ್ಕರಲ್ಲೂ ಅವನಿದ್ದ. ಮನೆಯಲ್ಲೇ ಉಳಿದು ಬರಗಾಲದಲ್ಲಿ ಕೂಸು ಸಾಕಿದವಳು, ಹೊಲ ಮಾರದೆ ಉಳಿಸಿದವಳು ಆ ನಾಲ್ಕರಲ್ಲಿ ಒಂದರಲ್ಲೂ ಇಲ್ಲ. ಮತದಾರರ ಯಾದಿಯಲ್ಲಿ ಇದ್ದಾಳೆ, ಅಲ್ಲಿಯೂ ಗಂಡನ ಹೆಸರಿನ ಜೋಡಿ. ತಾನೇ ಮೊದಲನೆಯವಳಾಗಿ ಬಂದ ಒಂದೇ ಕಾಗದ, ಗಂಡ ಸತ್ತನೆಂದು ಹೇಳುವ ಕಾಗದ. ಶ್ರೀನಿವಾಸರ ಕ್ಷೇತ್ರಕಾರ್ಯದ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡಿನಲ್ಲಿ ಬೆಂಕಿಗೆ ಸಿಕ್ಕಾಗ ಅವರು ಮೈಸೂರು ಸೀಮೆಯ ಆ ಹಳ್ಳಿಯ ಪುಸ್ತಕವನ್ನು ನೆನಪಿನಿಂದ ಬರೆದರು. ಅದು 1976ರಲ್ಲಿ ಪ್ರಕಟವಾಯಿತು. ನೆನಪಿಗೂ ಅಷ್ಟು ಬಲ ಉಂಟು. ಆದರೆ ಆಯಿಯ ನೆನಪನ್ನು ನಮ್ಮ ಮನೆಯಲ್ಲಿ ಯಾರು ಬರೆದುಕೊಂಡಿದ್ದೇವೆ?

ಈ ಸುಗ್ಗಿಗೆ ಹೆಳವಪ್ಪ ಬಂದಾಗ ಕೇಳಿದೆ, ಆಯಿ ಹೆಸರು ಬರೀರಿ ಎಂದು. ಹೆಣ್ಣುಮಕ್ಕಳ ಹೆಸರು ಬರೆಯುವ ರೂಢಿ ಇಲ್ಲ ಎಂದ. ಖಾಲಿ ಬಿಟ್ಟ ಜಾಗ ಐತಲ್ಲ ಎಂದೆ. ತಲೆ ಕೆರೆದುಕೊಂಡ. "ಬರೀತೀನಿ, ಆದರ ಒಂದು ಚೀಲ ಜೋಳ ಹೆಚ್ಚಿಗಿ ಕೊಡಬೇಕಾಗತೈತಿ" ಎಂದ. ಅಪ್ಪ ಆಗಲಿ ಎಂದ. ಹೆಳವಪ್ಪ ಪೆನ್ನು ತೆಗೆದು ಆಯಿಗೆ ಕೇಳಿದ: "ನಿನ ಹೆಸರು ಹೇಳವಾ. ಯಾರ ಹೇಣತಿ ಅನ್ನೂದೂ ನಿನ್ನ ಬಾಯಿಂದ ಹೇಳು. ನಮ್ಮ ಪುಸ್ತಕದಾಗ ಮನಿಯವರು ಹೇಳಿದ್ದನ್ನ ಬರಿಯೂದು."

ಆಯಿ ಸೆರಗು ಸರಿಮಾಡಿಕೊಂಡಳು. ತನ್ನ ಹೆಸರು ಹೇಳಿದಳು. ಆಮೇಲೆ ಸ್ವಲ್ಪ ನಾಚಿ, ಲಗ್ನದ ಹುಡುಗಿಯ ಹಾಗೆ ಒಡಪು ಹಾಕಿ ಅಜ್ಜನ ಹೆಸರು ಹೇಳಿದಳು. ಇಪ್ಪತ್ತು ವರ್ಷದಲ್ಲಿ ಆ ಹೆಸರನ್ನು ಆಕೆಯ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಒಡಪು ಇಲ್ಲಿ ಬರೆಯುವುದಿಲ್ಲ. ಅದು ಹೆಳವರ ಪುಸ್ತಕಕ್ಕೂ ಸೇರಲಿಲ್ಲ.

ಗೆಳೆಯರೆ, ಈ ಸಾರಿ ಸೂಟಿಗೆ ಊರಿಗೆ ಹೋದಾಗ ಮನೆಯ ಟ್ರಂಕು ಬಿಚ್ಚಿ ನೋಡಿರಿ. ಬಿಚ್ಚುವಾಗ ಟ್ರಂಕಿನ ಕೀಲಿ ಯಾರ ಸೊಂಟದಲ್ಲಿದೆಯೋ ಅವರ ಹೆಸರನ್ನು ಮೊದಲು ಬರೆದುಕೊಳ್ಳಿರಿ.